ಪೂಜೆಯ ಹೊತ್ತು

ಕಡೂರಿನ ಬಸ್‌ಸ್ಟ್ಯಾಂಡಿನ ಹಿಂದೆ ಆಗ ಒಂದು ಧರ್ಮಾಸ್ಪತ್ರೆ ಇತ್ತು. ಅಲ್ಲಿ ರಕ್ತ, ಮೂತ್ರ, ಕಫದ ಪರೀಕ್ಷೆ ಮಾಡುತ್ತಿದ್ದವನು ಬೆನಕಪ್ಪ. ಊರಿನವರು ಅವನನ್ನು ‘ರಕ್ತದ ಬೆನಕಪ್ಪ’ ಎನ್ನುತ್ತಿದ್ದರು. ಹೊಸಬರು ಕೇಳಿದರೆ ಯಾವುದೋ ಖೂನಿ ಕೇಸಿನ ಆಸಾಮಿ ಎಂದುಕೊಳ್ಳಬೇಕು, ಹಾಗಿತ್ತು ಹೆಸರು. ಆಸಾಮಿ ಮಾತ್ರ ದಾರಿಯಲ್ಲಿ ಇರುವೆ ಸಾಲು ಕಂಡರೆ ಸುತ್ತು ಹಾಕಿಕೊಂಡು ಹೋಗುವಂಥವನು.

ಅವನ ಜಂಬವೆಲ್ಲ ಒಂದು ಗಾಜಿನ ಕೊಳವೆಯ ಮೇಲೆ. ಇನ್ನೂರು ಗೆರೆ ಕೊರೆದ ಸಣ್ಣ ಕೊಳವೆ ಅದು. ರೋಗಿಯ ರಕ್ತವನ್ನು ಅದರಲ್ಲಿ ತುಂಬಿ, ಸ್ಟ್ಯಾಂಡಿನಲ್ಲಿ ನೆಟ್ಟಗೆ ನಿಲ್ಲಿಸಿ, ಒಂದು ಗಂಟೆ ಬಿಟ್ಟು ನೋಡಬೇಕು. ಅಷ್ಟರಲ್ಲಿ ಕೆಂಪು ಕೆಳಗಿಳಿದು, ಮೇಲೆ ಹಳದಿ ನೀರು ತಿಳಿಯಾಗಿ ನಿಂತಿರುತ್ತದೆ. ಕೆಂಪು ಎಷ್ಟು ಗೆರೆ ಇಳಿದಿದೆಯೋ ಅಷ್ಟು ಉರಿ ಮೈಯೊಳಗಿದೆ ಎಂದು ಲೆಕ್ಕ. ಇದಕ್ಕೆ ಇ.ಎಸ್.ಆರ್. ಎಂದು ಹೆಸರು. ಗಟ್ಟಿಮುಟ್ಟಾಗಿರುವವರಿಗೆ ಹತ್ತು, ಹದಿನೈದು, ಹೆಚ್ಚೆಂದರೆ ಇಪ್ಪತ್ತು. “ಮನುಷ್ಯ ಏನಾದ್ರೂ ಹೇಳ್ಬೋದು ಕಣ್ರೀ, ನನ್ನ ಕೊಳವೆ ಇದ್ದಿದ್ದೇ ಹೇಳೋದು” ಎಂದು ಬೆನಕಪ್ಪ ಹೇಳದ ದಿನವಿರಲಿಲ್ಲ. ಕೇಳಿ ಕೇಳಿ ಕಾಂಪೌಂಡರಿಗೆ ತಲೆ ಚಿಟ್ಟು ಹಿಡಿದಿತ್ತು.

1978ರ ಮಳೆ ಮುಗಿಯುವ ಹೊತ್ತಿಗೆ ಬೆಂಗಳೂರಿನ ಒಂದು ಮೆಡಿಕಲ್ ಕಾಲೇಜಿನಿಂದ ಡಾಕ್ಟರ್ ಗಂಗಾಧರಯ್ಯ ಎನ್ನುವವರು ಆ ಆಸ್ಪತ್ರೆಗೆ ಬಂದರು. ಮೂವತ್ತು ದಾಟಿತ್ತಷ್ಟೆ. ಕೈಕಾಲಿನ ಕೀಲುಗಳು ಊದಿ, ಬಿಸಿಯಾಗಿ, ಕಡೆಗೆ ಸೊಟ್ಟಗಾಗಿ ಹೋಗುವ ಸಂಧಿವಾತ ಅವರು ಹಿಡಿದ ವಿಷಯ. ಕಾಯಿಲೆ ಒಳಗೆ ಎಷ್ಟು ಜೋರಾಗಿದೆ ಎಂದು ಹೊರಗಿನಿಂದ ತಿಳಿಯುವುದು ಹೇಗೆ, ಯಾವ ಅಳತೆಯನ್ನು ನಂಬಬೇಕು, ಯಾವುದನ್ನು ಬಿಡಬೇಕು ಎಂಬುದು ಅವರ ಸಂಶೋಧನೆ. ತಿಂಗಳಿಗೊಂದು ಭಾನುವಾರ ಕ್ಯಾಂಪು. ಕಡೂರು, ತರೀಕೆರೆ, ಅಜ್ಜಂಪುರದ ಸುತ್ತಿನಿಂದ ನಲವತ್ತು ಜನ ರೋಗಿಗಳನ್ನು ಆರಿಸಬೇಕು, ಹದಿನೆಂಟು ತಿಂಗಳು ಅಳೆಯಬೇಕು.

ಒಬ್ಬೊಬ್ಬರಿಗೂ ನಾಲ್ಕು ಅಳತೆ. ಬೆಳಗ್ಗೆ ಎದ್ದ ಮೇಲೆ ಕೈಕಾಲಿನ ಬಿಗಿತ ಎಷ್ಟು ನಿಮಿಷ ಇರುತ್ತದೆ ಎಂದು ಕೇಳಿ ಬರೆಯುವುದು ಒಂದು. ಕೀಲುಗಳನ್ನು ಡಾಕ್ಟರು ಒಂದೊಂದಾಗಿ ಒತ್ತಿ ನೋವು ನೋಡುವುದು ಎರಡು. ಬಿ.ಪಿ. ನೋಡುವ ಗಾಳಿಚೀಲವನ್ನು ಸುತ್ತಿ ಕೈಗೆ ಕೊಟ್ಟು, ಹಿಸುಕಿದಾಗ ಪಾದರಸ ಎಷ್ಟು ಏರುತ್ತದೆಂದು ನೋಡುವುದು ಮೂರು. ನಾಲ್ಕನೆಯದು ಬೆನಕಪ್ಪನ ಕೊಳವೆ. ಎರಡು ಅಳತೆಯಲ್ಲಾದರೂ ಕಾಯಿಲೆ ಜೋರೆಂದು ಕಂಡವರಿಗೆ ಚಿನ್ನದ ಇಂಜೆಕ್ಷನ್. ಉಳಿದವರಿಗೆ ಆಸ್ಪಿರಿನ್ ಮಾತ್ರೆ. ಚಿನ್ನವೆಂದರೆ ನಿಜವಾಗಿ ಚಿನ್ನದ ಉಪ್ಪೇ. ಬೊಂಬಾಯಿಯಿಂದ ತರಿಸಬೇಕು, ಇದ್ದದ್ದು ಕೆಲವರಿಗೆ ಸಾಲುವಷ್ಟು ಮಾತ್ರ. ಆಗಿನ ಕಾಲಕ್ಕೆ ಸಂಧಿವಾತಕ್ಕೆ ಅದಕ್ಕಿಂತ ದೊಡ್ಡ ಮದ್ದು ಅವರ ಹತ್ತಿರ ಇರಲಿಲ್ಲ.

ಕೀಲು ಒತ್ತುವುದು, ಚೀಲ ಹಿಸುಕಿಸುವುದು ಡಾಕ್ಟರ ಪಾಲು. ರೋಗಿಗಳನ್ನು ಮಾತಾಡಿಸಿ ಫಾರಂ ತುಂಬುವುದು ಬೆನಕಪ್ಪನ ಪಾಲಿಗೆ ಬಂತು. “ನಿಮಗೆ ಇಲ್ಲಿಯವರ ಮಾತು, ರೀತಿ ಎಲ್ಲ ಗೊತ್ತಲ್ಲ ಬೆನಕಪ್ಪ, ನೀವೇ ಕೇಳಿ” ಎಂದಿದ್ದರು ಡಾಕ್ಟರು. ಆ ಮಾತಿಗೆ ಬೆನಕಪ್ಪ ಉಬ್ಬಿಹೋಗಿದ್ದ. ಮೊದಲ ದಿನವೇ ಅವನು ಫಾರಮ್ಮಿನಲ್ಲಿ ಸೇರಿಸಿದ್ದು ತನ್ನ ಅಕ್ಕನನ್ನು.

ಅಕ್ಕ ತೀರ್ಥಮ್ಮನನ್ನು ಅಜ್ಜಂಪುರಕ್ಕೆ ಕೊಟ್ಟಿತ್ತು. ಗಂಡ ಮಲ್ಲಿಕಾರ್ಜುನಯ್ಯನಿಗೆ ಅಲ್ಲೇ ಕೊಬ್ಬರಿ ಮಂಡಿ. ಬೆನಕಪ್ಪನಿಗೆ ಐದು ವರ್ಷವಿದ್ದಾಗ ತಾಯಿ ತೀರಿಕೊಂಡಿದ್ದಳು; ಆಗ ಹದಿಮೂರು ವರ್ಷದ ಅಕ್ಕನೇ ಅವನಿಗೆ ತಾಯಿಯಾದಳು. ಅವನಿಗೆ ಲಿಂಗದೀಕ್ಷೆಯಾದ ಮೇಲೆ ಪೂಜೆ ಕಲಿಸಿದವಳೂ ಅವಳೇ. ಎಡಗೈಯನ್ನು ಎದೆಯ ಮಟ್ಟಕ್ಕೆ ಹಿಡಿದು, ಅಂಗೈ ಕುಳಿ ಮಾಡಿ, ಅದರ ಮೇಲೆ ಇಷ್ಟಲಿಂಗವನ್ನಿಟ್ಟು ಪೂಜೆ ಮುಗಿಯುವವರೆಗೆ ಅಲುಗದೆ ಕೂರಬೇಕು. ಹುಡುಗನ ಕೈ ನಡುಗುತ್ತಿತ್ತು. ತೀರ್ಥಮ್ಮ ತನ್ನ ಅಂಗೈಯನ್ನು ಅವನ ಅಂಗೈ ಕೆಳಗೆ ಕೊಟ್ಟು, “ಬೀಳಲ್ಲ ಕಣೋ, ನಾನಿದೀನಿ” ಎನ್ನುತ್ತಿದ್ದಳು.

ಆ ಮನೆಯಲ್ಲಿ ಪೂಜೆ ಎಂದರೆ ಗಡಿಯಾರ. ಎದ್ದು, ಸ್ನಾನ ಮಾಡಿ, ಪೂಜೆಗೆ ಕೂರುವುದಕ್ಕೆ ಅರ್ಧ ಗಂಟೆ. ಅದು ಅಪ್ಪ ಹಾಕಿಕೊಟ್ಟ ಕಟ್ಟು. ಪೂಜೆಯಾಗದೆ ಒಂದು ಗುಟುಕು ನೀರೂ ಗಂಟಲಿಗೆ ಇಳಿಯುವಂತಿರಲಿಲ್ಲ. ಜ್ವರ ಬಂದರೂ ಅಷ್ಟೆ, ಮದುವೆ ಮನೆಯಾದರೂ ಅಷ್ಟೆ.

ಕಾಯಿಲೆ ಶುರುವಾದಾಗ ತೀರ್ಥಮ್ಮನಿಗೆ ಮೂವತ್ತೆಂಟು. ಮೊದಲು ಬೆರಳಿನ ಗೆಣ್ಣು ಊದಿತು, ಆಮೇಲೆ ಮಣಿಕಟ್ಟು. ಉಳುಕು ಎಂದರು, ವಾಯು ಎಂದರು. ಲಿಂಗದಹಳ್ಳಿ ಕಡೆಯಿಂದ ಯಾರೋ ಎಣ್ಣೆ ತಂದುಕೊಟ್ಟರು. ಬೆನಕಪ್ಪ ಅವಳ ರಕ್ತ ತೆಗೆದು ಕೊಳವೆಯಲ್ಲಿಟ್ಟಾಗ ಕೆಂಪು ಎಪ್ಪತ್ತೆಂಟು ಗೆರೆ ಇಳಿದಿತ್ತು. 

“ಏನೂ ಬೇಡ ಕಣಪ್ಪ ನಂಗೆ” ಎಂದಿದ್ದಳು ಅವತ್ತು ತೀರ್ಥಮ್ಮ. “ಕಾಲು ಹೋದ್ರೆ ಹೋಗ್ಲಿ, ಕುಂತ್ಕಂಡೇ ಕೆಲ್ಸ ಮಾಡ್ತೀನಿ. ಬಲಗೈ ಹೋದ್ರೂ ಹೆಂಗೋ ಆಗುತ್ತೆ. ಈ ಎಡಗೈ ಒಂದು ಉಳಿಸ್ಕೊಡು ಅಂತ ನಿಮ್ಮ ಡಾಕ್ಟ್ರಿಗೆ ಹೇಳು. ಲಿಂಗ ನಿಲ್ಲೋವಷ್ಟು ಕೈ ಇದ್ರೆ ಸಾಕು.”

ಲಿಂಗ ಕೈಜಾರಿ ನೆಲಕ್ಕೆ ಬೀಳುವುದೆಂದರೆ ಅವಳಿಗೆ ಸಾವಿಗಿಂತ ದೊಡ್ಡ ಭಯ. ಹಿಂದಿನವರು ಹಾಗೆ ಬಿದ್ದರೆ ಪ್ರಾಣವನ್ನೇ ಬಿಡುತ್ತಿದ್ದರಂತೆ ಎಂದು ಕೇಳಿ ಬೆಳೆದವಳು ಅವಳು. ಈ ಕಾಲದಲ್ಲಿ ಯಾರೂ ಹಾಗೆ ಮಾಡುವುದಿಲ್ಲ, ಮಠಕ್ಕೆ ಹೋಗಿ ಗುರುಗಳಿಗೆ ಹೇಳಿಕೊಂಡರೆ ದಾರಿ ತೋರಿಸುತ್ತಾರೆ ಎಂದು ಬೆನಕಪ್ಪ ಹೇಳಿದರೆ ಅವಳು ತಲೆಯಾಡಿಸುತ್ತಿದ್ದಳು, ಒಪ್ಪುತ್ತಿರಲಿಲ್ಲ.

ಕ್ಯಾಂಪು ನಡೆಯುತ್ತಿದ್ದ ಭಾನುವಾರಗಳು ಒಂದು ತಮಾಷೆಯೇ. ಎಮ್ಮೆದೊಡ್ಡಿ ಕಾವಲಿನ ಕಡೆಯಿಂದ ದೊಡ್ಡಬೀರಪ್ಪ ಎಂಬ ದನಗಾಹಿ ಬರುತ್ತಿದ್ದ. ಡಾಕ್ಟರು ಬೆರಳು ಮುಟ್ಟುವ ಮುಂಚೆಯೇ “ಅಯ್ಯಯ್ಯಪ್ಪೋ ಸತ್ನಲ್ಲೋ” ಎಂದು ಆಸ್ಪತ್ರೆಯ ಹೆಂಚು ಹಾರುವಂತೆ ಕೂಗುತ್ತಿದ್ದ. ಕೀಲು ಒತ್ತಿದಾಗ ರೋಗಿ ಸುಮ್ಮನೆ ‘ನೋವಿದೆ’ ಎಂದರೆ ಒಂದು, ಮುಖ ಕಿವಿಚಿದರೆ ಎರಡು, ಕೈ ಎಳೆದುಕೊಂಡರೆ ಮೂರು ಎಂದು ಡಾಕ್ಟರ ಲೆಕ್ಕ. ದೊಡ್ಡಬೀರಪ್ಪನಿಗೆ ಎಲ್ಲ ಕಡೆ ಮೂರು. ತೀರ್ಥಮ್ಮನ ಊದಿದ ಗೆಣ್ಣನ್ನು ಒತ್ತಿದರೆ ಅವಳು ಗೋಡೆಯ ಕ್ಯಾಲೆಂಡರು ನೋಡುತ್ತ, “ಹ್ಞೂ, ನೋಯುತ್ತೆ” ಎನ್ನುತ್ತಿದ್ದಳು. ನಿಜವನ್ನೇ ಹೇಳುತ್ತಿದ್ದಳು. ಅವಳಿಗೆ ಒಂದು.

ಆಮೇಲೆ ಬೆನಕಪ್ಪನ ಪ್ರಶ್ನೆ. “ಬೆಳಗ್ಗೆ ಎದ್ದ ಮೇಲೆ ಕೈ ಎಷ್ಟು ಹೊತ್ತು ಬಿಗಿ ಇರುತ್ತೆ?”

“ದನ ಕಾವಲಿಗೆ ಬಿಡೋ ತಂಕ” ಎಂದ ದೊಡ್ಡಬೀರಪ್ಪ.

ಬೆನಕಪ್ಪನಿಗೆ ದನ ಬಿಡುವ ಹೊತ್ತು ಗೊತ್ತಿರಲಿಲ್ಲ. ಆದ್ದರಿಂದ ಕೇಳಿದ. “ನೀನು ಏಳೋದು ಯಾವಾಗ? ದನ ಬಿಡೋದು ಎಷ್ಟು ಗಂಟೆಗೆ? ಬಿಸಿಲು ಎಲ್ಲಿಗೆ ಬಂದಿರುತ್ತೆ?” ಎಂದು ಕೆದಕಿ ಕೆದಕಿ, ನೂರೈವತ್ತು ನಿಮಿಷ ಎಂದು ಬರೆದ. ತರೀಕೆರೆಯ ಒಬ್ಬಳು ‘ನಲ್ಲಿ ನೀರು ನಿಲ್ಲೋ ಹೊತ್ತಿಗೆ’ ಎಂದಳು. ಅದನ್ನೂ ಕೇಳಿ ಕೇಳಿ ನಿಮಿಷ ಮಾಡಿದ. ಈ ವಿಷಯದಲ್ಲಿ ಅವನಷ್ಟು ಜಾಗ್ರತೆಯ ಮನುಷ್ಯ ಮೂರು ತಾಲ್ಲೂಕಿನಲ್ಲಿ ಇರಲಿಲ್ಲ.

ಅಕ್ಕನನ್ನು ಕೇಳಿದಾಗ ಅವಳು ಹೇಳಿದಳು: “ಪೂಜೆ ಹೊತ್ತಿಗೆ ಸಡಿಲ ಆಗುತ್ತೆ ಕಣಪ್ಪ.”

ಪೂಜೆಯ ಹೊತ್ತು ಬೆನಕಪ್ಪನಿಗೆ ಗೊತ್ತಿತ್ತು. ಅವನಿಗೆ ಗೊತ್ತಿಲ್ಲದೆ ಇನ್ಯಾರಿಗೆ ಗೊತ್ತಿರಬೇಕು? ತಲೆ ಎತ್ತದೆ ‘30’ ಎಂದು ಬರೆದ.

ಮುಂದಿನ ತಿಂಗಳೂ ಕೇಳಿದ. ಅದೇ ಉತ್ತರ. 30. ಅದರ ಮುಂದಿನ ತಿಂಗಳೂ 30. ಬರಬರುತ್ತ ಅವಳು ಬಾಯಿ ತೆರೆಯುವ ಮೊದಲೇ ಅವನ ಪೆನ್ನು ಮೂರನ್ನು ಬರೆದಿರುತ್ತಿತ್ತು.

ಅವನು ನೋಡಿಯೂ ನೋಡದೆ ಬಿಟ್ಟದ್ದು ಇನ್ನೂ ಇತ್ತು. ಮೊದಮೊದಲು ತೀರ್ಥಮ್ಮ ಬೆಳಗಿನ ಪ್ಯಾಸೆಂಜರಿಗೆ ಬರುತ್ತಿದ್ದಳು. ಐದಾರು ತಿಂಗಳಾದ ಮೇಲೆ ಹನ್ನೊಂದರ ಗಾಡಿಗೆ ಬರತೊಡಗಿದಳು. “ಏನಕ್ಕ, ಇಷ್ಟೊತ್ತು?” ಎಂದರೆ “ಪೂಜೆ ಮುಗಿಸ್ಕಂಡು ಬಂದೆ” ಎನ್ನುತ್ತಿದ್ದಳು. ಮನೆ ಕೆಲಸ ಜಾಸ್ತಿಯಿರಬೇಕು ಎಂದುಕೊಂಡ. ಅವಳ ಸರದಿ ಬರುವ ಹೊತ್ತಿಗೆ ಮಧ್ಯಾಹ್ನ ಎರಡಾಗಿರುತ್ತಿತ್ತು. ಆ ಹೊತ್ತಿಗೆ ಸಂಧಿವಾತದವರ ಕೈ ದಿನದಲ್ಲೇ ಹೆಚ್ಚು ಸಡಿಲವಾಗಿರುತ್ತದೆ. ಗಾಳಿಚೀಲ ಹಿಸುಕಿದರೆ ಪಾದರಸ ಸಾಕಷ್ಟು ಏರುತ್ತಿತ್ತು. ಡಾಕ್ಟರು “ಪರವಾಗಿಲ್ಲಮ್ಮ” ಎನ್ನುತ್ತಿದ್ದರು.

ಕೊಳವೆ ಮಾತ್ರ ಒಪ್ಪಲಿಲ್ಲ. ಎಪ್ಪತ್ತೆಂಟು, ಎಪ್ಪತ್ತು, ಎಂಬತ್ತನಾಲ್ಕು. ಬೆನಕಪ್ಪನಿಗೆ ದಿಗಿಲಾಯಿತು. ಕೊಳವೆ ಚೂರು ವಾಲಿದರೂ ಕೆಂಪು ಬೇಗ ಇಳಿದುಬಿಡುತ್ತದೆ. ಸ್ಟ್ಯಾಂಡು ಸೊಟ್ಟಗಾಗಿರಬೇಕು ಎಂದು ಅನುಮಾನಪಟ್ಟು, ಪಕ್ಕದಲ್ಲಿ ಕಟ್ಟಡ ಕಟ್ಟುತ್ತಿದ್ದ ಗಾರೆಯವನಿಂದ ತೂಗುಗುಂಡು ಕಡ ತಂದು, ಒಂದು ಮಧ್ಯಾಹ್ನವೆಲ್ಲ ದಾರ ಇಳಿಬಿಟ್ಟುಕೊಂಡು ನೋಡಿದ. ಕಾಂಪೌಂಡರು ನಕ್ಕರು. ಸ್ಟ್ಯಾಂಡು ನೆಟ್ಟಗೇ ಇತ್ತು. ಹತ್ತು ವರ್ಷ ಹಾಡಿ ಹೊಗಳಿದ ಕೊಳವೆಯ ಮೇಲೆ ಅವನಿಗೆ ಅನುಮಾನ ಬಂತು. ತನ್ನ ಪೆನ್ನಿನ ಮೇಲೆ ಬರಲಿಲ್ಲ.

“ಇವರಿಗೆ ರಕ್ತ ಕಡಿಮೆ, ಹಿಮೋಗ್ಲೋಬಿನ್ ಎಂಟೇ ಇದೆ” ಎಂದರು ಡಾಕ್ಟರು ಫಾರಂ ತಿರುವುತ್ತ. “ರಕ್ತ ಕಡಿಮೆಯಿದ್ರೂ ಇ.ಎಸ್.ಆರ್. ಏರುತ್ತೆ. ಅದೊಂದನ್ನೇ ನಂಬೋಕಾಗಲ್ಲ. ಬಿಗಿತ ನೋಡಿ, ಅರ್ಧ ಗಂಟೆ ಅಷ್ಟೆ. ಒಂದು ಗಂಟೆ ಮೇಲಿದ್ದಿದ್ರೆ ಚಿನ್ನ ಕೊಡ್ತಿದ್ದೆ. ಇವರದು ಸೌಮ್ಯ, ಮಾತ್ರೆ ಸಾಕು.”

ಸೌಮ್ಯ ಎಂಬ ಮಾತು ಕೇಳಿ ಬೆನಕಪ್ಪನಿಗೆ ಸಂತೋಷವಾಯಿತು. ಅವತ್ತು ಅಕ್ಕನಿಗೆ ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಮಸಾಲೆದೋಸೆ ಕೊಡಿಸಿದ. ಅವಳು ಆತುರಾತುರವಾಗಿ ಎರಡು ತಿಂದಳು. ಪಾಪ, ಬಾಯಿ ರುಚಿ ಬಂದಿದೆ ಎಂದುಕೊಂಡ ನಮ್ಮ ಜಾಣ.

ದೊಡ್ಡಬೀರಪ್ಪನಿಗೆ ಚಿನ್ನ ಸಿಕ್ಕಿತು. ವರ್ಷ ಕಳೆಯುವುದರೊಳಗೆ ಕೂಗಾಟ ನಿಂತಿತು. “ನನ್ನ ಕುಂಡೀಲಿ ನಾಲ್ಕಾಣೆ ತೂಕ ಚಿನ್ನ ಐತೆ ಕಣ್ರೋ” ಎಂದು ಕ್ಯಾಂಪಿನಲ್ಲೆಲ್ಲ ಹೇಳಿಕೊಂಡು ತಿರುಗಿದ. ಎಲ್ಲರೂ ನಕ್ಕರು, ತೀರ್ಥಮ್ಮನೂ ಸೆರಗು ಬಾಯಿಗೆ ಹಿಡಿದು ನಕ್ಕಳು. ಸೆರಗು ಹಿಡಿದ ಬೆರಳುಗಳು ಆಗಲೇ ಕಿರುಬೆರಳಿನ ಕಡೆಗೆ ವಾಲಿದ್ದವು.

1980ರ ಫೆಬ್ರವರಿಗೆ ಹದಿನೆಂಟು ತಿಂಗಳು ಮುಗಿಯಿತು. ಕೊನೆಯಲ್ಲಿ ಎಲ್ಲರ ಕೈಯನ್ನೂ ಎಕ್ಸ್‌ರೇ ತೆಗೆಸಿದರು. ತೀರ್ಥಮ್ಮನ ಚಿತ್ರವನ್ನು ಡಾಕ್ಟರು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಗೆಣ್ಣುಗಳ ಅಂಚೆಲ್ಲ ಹುಳು ತಿಂದ ಸೌದೆಯ ಹಾಗಿತ್ತು.

“ಬೆನಕಪ್ಪ, ನಿಮ್ಮಕ್ಕ ಒಂದೂವರೆ ವರ್ಷ ಮೂವತ್ತು ನಿಮಿಷ ಅಂತಾನೇ ಹೇಳಿದಾರೆ. ಈ ಮೂಳೆ ನೋಡಿ. ನಮ್ಮ ಹಳ್ಳಿ ಹೆಂಗಸರು ನೋವು ಮುಚ್ಚಿಡ್ತಾರೆ, ನಿಜ ಹೇಳಲ್ಲ.”

“ನಮ್ಮಕ್ಕ ಸುಳ್ಳು ಹೇಳೋಳಲ್ಲ ಸಾರ್” ಎಂದ ಬೆನಕಪ್ಪ. ಮೈ ಉರಿದುಹೋಗಿತ್ತು. ಡಾಕ್ಟರ ಮೇಲೆ ಸಿಟ್ಟು, ಅದಕ್ಕಿಂತ ಅಕ್ಕನ ಮೇಲೆ. ಇದ್ದದ್ದು ಇದ್ದಹಾಗೆ ಹೇಳಲು ಇವಳಿಗೇನು ಧಾಡಿಯಾಗಿತ್ತು ಎಂದು ಸಂಜೆಯ ಗಾಡಿ ಹತ್ತಿ ಅಜ್ಜಂಪುರಕ್ಕೆ ಹೋದ. ಹೋದಾಗ ಭಾವ ಮನೆಯಲ್ಲಿದ್ದರು, ಬೈಯಲಾಗಲಿಲ್ಲ. ಬೆಳಗ್ಗೆ ಬೈದರಾಯಿತು ಎಂದು ಉಂಡು ಮಲಗಿದ.

ಬೆಳಗ್ಗೆ ಅವನು ಎದ್ದಾಗ ಆರು. ಅಕ್ಕ ಐದಕ್ಕೇ ಎದ್ದು ಸ್ನಾನ ಮಾಡಿ ಒಲೆ ಮುಂದೆ ಕೂತಿದ್ದಳು. ಭಾವನದೂ ಬೆನಕಪ್ಪನದೂ ಪೂಜೆಯಾಯಿತು. ತೀರ್ಥಮ್ಮ ರೊಟ್ಟಿ ತಟ್ಟುತ್ತಿದ್ದಳು. ಬೆರಳಿನಿಂದಲ್ಲ, ಅಂಗೈಯ ಬುಡದಿಂದ ಒತ್ತಿ ಒತ್ತಿ. ಇಬ್ಬರಿಗೂ ಬಡಿಸಿದಳು. ತಾನು ಒಂದು ಹನಿ ಕಾಫಿ ಮುಟ್ಟಲಿಲ್ಲ.

“ನಿಮ್ಮಕ್ಕ ಈಗೀಗ ದೊಡ್ಡ ಸ್ವಾಮಿಗಳಾಗ್ಬಿಟ್ಟವ್ಳೆ ಕಣೋ ಬೆನಕಪ್ಪ” ಎಂದು ಮಲ್ಲಿಕಾರ್ಜುನಯ್ಯ ಟೋಪಿ ಹಾಕಿಕೊಳ್ಳುತ್ತ ನಕ್ಕರು. “ಅವಳ ಪೂಜೆ ನಾವ್ಯಾರೂ ಕಂಡಿದ್ದೇ ಇಲ್ಲ.” ಏಳೂವರೆಗೆ ಮಂಡಿಗೆ ಹೋದರು.

ಎಂಟಾಯಿತು. ಒಂಬತ್ತಾಯಿತು. ತೀರ್ಥಮ್ಮ ಬಿಸಿನೀರಿನ ಪಾತ್ರೆಯೊಳಗೆ ಎರಡೂ ಕೈ ಮುಳುಗಿಸಿಕೊಂಡು ಒಲೆಯ ಪಕ್ಕ ಕೂತಿದ್ದಳು. ತುಟಿ ಒಣಗಿ ಬಿಳಚಿಕೊಂಡಿತ್ತು. ನೀರು ಆರಿದರೆ ಎದ್ದು ಬೇರೆ ತರುತ್ತಿದ್ದಳು, ಮತ್ತೆ ಕೂರುತ್ತಿದ್ದಳು. ಹತ್ತು ಹೊಡೆಯಿತು.

“ಅಕ್ಕ, ಪೂಜೆ ಆಗಿಲ್ವಾ ಇನ್ನೂ?”

“ಕೈ ಸಡಿಲ ಆಗ್ಬೇಕಲ್ಲಪ್ಪ.”

ಬೆನಕಪ್ಪ ಕೈಗಡಿಯಾರ ನೋಡುತ್ತ ಕೂತ. ಹನ್ನೊಂದಕ್ಕೆ ಕಾಲು ಗಂಟೆ ಇದೆ ಎನ್ನುವಾಗ ತೀರ್ಥಮ್ಮ ಬಲಗೈಯಿಂದ ಎಡಗೈಯ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ನೋಡಿ, ಕೈ ಒರೆಸಿಕೊಂಡು ಮಣೆಯ ಮೇಲೆ ಕೂತಳು. ಮಡಿಲಿನ ತುಂಬ ಸೆರಗು ಹರವಿಕೊಂಡಳು. ಕರಡಿಗೆಯಿಂದ ಲಿಂಗ ತೆಗೆದು ಅಂಗೈ ಮೇಲಿಟ್ಟಳು. ಅಂಗೈಯಲ್ಲಿ ಈಗ ಕುಳಿಯೇ ಇರಲಿಲ್ಲ. ಲಿಂಗ ಒಂದು ಪಕ್ಕಕ್ಕೆ ಸರಿಯುತ್ತಿತ್ತು, ಅವಳು ಮೊಣಕೈ ಎತ್ತಿ ಅದನ್ನು ತಡೆಯುತ್ತಿದ್ದಳು. ಪೂಜೆ ಮುಗಿಸಿ, ತೀರ್ಥ ತೆಗೆದುಕೊಂಡ ಮೇಲೆ ಅವಳು ಎರಡು ಚೊಂಬು ನೀರನ್ನು ಗಟಗಟನೆ ಕುಡಿದಳು.

“ದಿನಾ ಇಷ್ಟೊತ್ತಾಗುತ್ತಾ?”

“ಮೊದ್ಲು ಏಳಕ್ಕೆ ಆಗ್ತಿತ್ತು. ಆಮೇಲೆ ಎಂಟು, ಒಂಬತ್ತು. ಈಗ ಹಿಂಗೆ. ಯಾಕೆ, ನಿಂಗೆ ಹೇಳ್ತಾನೇ ಇದ್ನಲ್ಲ, ಪೂಜೆ ಹೊತ್ತಿಗೆ ಸಡಿಲ ಆಗುತ್ತೆ ಅಂತ? ಸಡಿಲ ಆದ್ಮೇಲೆ ತಾನೇ ಪೂಜೆ?” ಎಂದಳು. ಆಮೇಲೆ ದನಿ ತಗ್ಗಿಸಿ, “ಎರಡು ಸಲ ಜಾರ್ತು ಕಣೋ. ನೆಲಕ್ಕೆ ಬಿದ್ದಿಲ್ಲ, ಮಡಿಲಿಗೆ ಬಿತ್ತು. ನಿಮ್ಮ ಭಾವನಿಗೆ ಹೇಳ್ಬೇಡ, ಮನೆ ಮಂದಿಗೆಲ್ಲ ಆಡ್ಕೊಳೋಕೆ ಆಗುತ್ತೆ” ಎಂದಳು.

ಐದು ಗಂಟೆಯಿಂದ ಹನ್ನೊಂದಕ್ಕೆ ಕಾಲು ಗಂಟೆ ಕಮ್ಮಿಯವರೆಗೆ ಮುನ್ನೂರ ನಲವತ್ತೈದು ನಿಮಿಷ. ಅಷ್ಟು ಹೊತ್ತೂ ಹೊಟ್ಟೆಗೆ ನೀರಿಲ್ಲ. ಊಟದ ಮೇಲೆ ಮೂರು ಹೊತ್ತು ನುಂಗಬೇಕಾದ ಮಾತ್ರೆ ಎರಡು ಹೊತ್ತಿಗೆ ಇಳಿದಿತ್ತು. ರಕ್ತ ಯಾಕೆ ಕಡಿಮೆಯಾಯಿತು, ಹನ್ನೊಂದರ ಗಾಡಿ ಯಾಕೆ, ಅವತ್ತಿನ ದೋಸೆ ಯಾಕೆ ಎಂಬುದೆಲ್ಲ ಬೆನಕಪ್ಪನಿಗೆ ಒಟ್ಟಿಗೇ ತಿಳಿಯಿತು. ದನಗಾಹಿಯನ್ನು ಕೆದಕಿ ಕೆದಕಿ ಕೇಳಿದವನು ಸ್ವಂತ ಅಕ್ಕನನ್ನು ‘ಎಷ್ಟು ಗಂಟೆಗೆ ಪೂಜೆ’ ಎಂದು ಒಮ್ಮೆ ಕೇಳಿದ್ದರೆ ಸಾಕಿತ್ತು. ಹಿತ್ತಲಿಗೆ ಹೋಗಿ, ಬಾವಿ ಕಟ್ಟೆಯ ಮೇಲೆ ಕೂತು, ಚಿಕ್ಕ ಹುಡುಗನ ಹಾಗೆ ಅತ್ತ.

ಬೈಯಲು ಹೋದವನು ಬೈಸಿಕೊಳ್ಳದೆ ಕಡೂರಿಗೆ ಬಂದ. ತಪ್ಪು ಒಪ್ಪಿಕೊಳ್ಳುವ ಧೈರ್ಯ ಮಾತ್ರ ಬರಲಿಲ್ಲ. ನಲವತ್ತು ಜನರ ಫಾರಂ ತುಂಬಿದವನು ಅವನೇ. ಒಂದು ತಪ್ಪೆಂದರೆ ಎಲ್ಲವೂ ತಪ್ಪೇನೋ ಎಂದು ಡಾಕ್ಟರು ಕೇಳಿದರೆ? ಕೆಲಸ ಹೋದರೆ? ಅದಕ್ಕೇ ಡಾಕ್ಟರ ಮುಂದೆ ಕೈಕಟ್ಟಿ ನಿಂತು, “ಅಕ್ಕಂಗೆ ಈಗ ಜಾಸ್ತಿಯಾಗಿದೆ ಸಾರ್, ಬೆಳಗ್ಗೆ ಐದಾರು ಗಂಟೆ ಹೊತ್ತು ಬಿಗಿ ಇರುತ್ತೆ” ಎಂದ. ‘ಈಗ’ ಎಂಬ ಒಂದು ಮಾತಿನ ಹಿಂದೆ ಅವನು ಅಡಗಿ ನಿಂತ. ಡಾಕ್ಟರು ಒಳ್ಳೆಯವರು, ಉಳಿದಿದ್ದ ಚಿನ್ನದಲ್ಲಿ ಅವಳಿಗೂ ಕೊಟ್ಟರು.

ಐದು ತಿಂಗಳು ಕೊಟ್ಟರು. ನೋವು ತಗ್ಗತೊಡಗಿತ್ತು, ಪೂಜೆ ಒಂಬತ್ತಕ್ಕೆ ಬಂದಿತ್ತು. ಚಿನ್ನ ಕೆಲವರ ಮೂತ್ರಪಿಂಡಕ್ಕೆ ಆಗುವುದಿಲ್ಲ. ಆದ್ದರಿಂದ ಪ್ರತಿ ಸಲವೂ ಮೂತ್ರ ಕಾಯಿಸಿ ನೋಡಬೇಕು, ಬೆಳ್ಳಗಾದರೆ ಚಿನ್ನ ನಿಲ್ಲಿಸಬೇಕು. ಅದೂ ಬೆನಕಪ್ಪನದೇ ಕೆಲಸ. ಆರನೆಯ ತಿಂಗಳು ಅಕ್ಕನ ಮೂತ್ರದ ಪ್ರನಾಳವನ್ನು ದೀಪದ ಮೇಲೆ ಹಿಡಿದ. ತಿಳಿಯಾಗಿದ್ದದ್ದು ಮೊಸರಿನ ಹಾಗೆ ಬೆಳ್ಳಗೆ ಹೆಪ್ಪುಗಟ್ಟಿತು. ಇನ್ನೊಂದು ಸಲ ಕಾಯಿಸಿದ, ಮತ್ತೂ ಒಂದು ಸಲ. ಸುಳ್ಳು ಬರೆಯಲು ಕೈ ಹೋಗಿತ್ತು, ಬರೆಯಲಿಲ್ಲ. ಇಂಜೆಕ್ಷನ್ ನಿಂತಿತು. ಆ ಹೊತ್ತಿಗಾಗಲೇ ಎಡಗೈಯ ಮೂಳೆ ತಿರುಗಿಹೋಗಿತ್ತು. ಅದನ್ನು ಯಾವ ಚಿನ್ನವೂ ಹಿಂದಕ್ಕೆ ತರುವಂತಿರಲಿಲ್ಲ.

ಅಂದಿನಿಂದ ಬೆನಕಪ್ಪ ಭಾನುವಾರ ಬೆಳಗಿನ ಗಾಡಿಗೆ ಅಜ್ಜಂಪುರಕ್ಕೆ ಹೋಗತೊಡಗಿದ. ಅಕ್ಕನ ಎದುರು ಕೂತು, ಅವಳ ಅಂಗೈ ಕೆಳಗೆ ತನ್ನ ಅಂಗೈ ಕೊಡುತ್ತಿದ್ದ. ಲಿಂಗವನ್ನು ಅವನು ಮುಟ್ಟುವಂತಿಲ್ಲ, ಮುಟ್ಟುತ್ತಿರಲಿಲ್ಲ. ತಮ್ಮನ ಈ ಭಕ್ತಿಗೆ ಭಾವ ಬೆರಗಾಗಿದ್ದರು.

1983ರಲ್ಲಿ ಅಂಚೆಯಲ್ಲಿ ಒಂದು ಕವರು ಬಂತು. ಡಾಕ್ಟರ ಸಂಶೋಧನೆ ಅಚ್ಚಾಗಿತ್ತು. ಕೊನೆಯಲ್ಲಿ ಬೆನಕಪ್ಪನ ಹೆಸರು ಹಾಕಿ ವಂದನೆಯನ್ನೂ ಹೇಳಿದ್ದರು. ತನ್ನ ಹೆಸರನ್ನು ಇಂಗ್ಲಿಷಿನ ಅಚ್ಚಿನಲ್ಲಿ ಕಂಡು ಅವನಿಗೆ ಕ್ಷಣ ಹೊತ್ತು ಹೆಮ್ಮೆಯೇ ಆಯಿತು, ಯಾಕೆ ಸುಳ್ಳು ಹೇಳಬೇಕು. ಆಮೇಲೆ ನಿಘಂಟು ಹಿಡಿದು ಒಳಗನ್ನು ಓದಿದ. ಕಾಯಿಲೆಯ ಜೋರನ್ನು ತಿಳಿಯಲು ಇ.ಎಸ್.ಆರ್. ನಂಬಬಹುದು ಎಂದಿತ್ತು. ಬೆಳಗಿನ ಬಿಗಿತದ ಬಗ್ಗೆ ಈ ಭಾಗದ ರೋಗಿಗಳು ತಾವಾಗಿ ಹೇಳುವ ಮಾತು ನಂಬತಕ್ಕದ್ದಲ್ಲ ಎಂದಿತ್ತು. ಅದಕ್ಕೆ ಉದಾಹರಣೆ ಹದಿನೇಳನೆಯ ರೋಗಿ: ನಲವತ್ತರ ಆಸುಪಾಸಿನ ಗೃಹಿಣಿ, ಮೂಳೆ ಸವೆಯುತ್ತಿದ್ದರೂ ಹದಿನೆಂಟು ತಿಂಗಳೂ ಮೂವತ್ತು ನಿಮಿಷವೆಂದೇ ಹೇಳಿದಳು.

ಬೆನಕಪ್ಪ ಆ ಹಾಳೆಯನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡ. ಎರಡು ವಾರ ಜೇಬಿನಲ್ಲೇ ಇತ್ತು. ಕಡೆಗೆ ಒಂದು ಸೋಮವಾರ ರಜೆ ಹಾಕಿ ಅಜ್ಜಂಪುರಕ್ಕೆ ಹೋದ. ಭಾವ ಮಂಡಿಗೆ ಹೋಗಿದ್ದರು. ಒಲೆಯ ಪಕ್ಕ ಬಿಸಿನೀರಿನಲ್ಲಿ ಕೈ ಇಟ್ಟುಕೊಂಡಿದ್ದ ಅಕ್ಕನಿಗೆ ಎಲ್ಲ ಹೇಳಿದ. ‘30’ ಬರೆದದ್ದು ತಾನು, ಕೇಳದೆ ಬರೆದದ್ದು. ಗೊತ್ತಾದ ಮೇಲೂ ಬಾಯಿ ಬಿಡದೆ ಇದ್ದದ್ದು. ಅದರಿಂದಲೇ ಚಿನ್ನ ತಪ್ಪಿದ್ದು, ಕೈ ಹೋದದ್ದು.

ತೀರ್ಥಮ್ಮ ನೀರಿನೊಳಗಿನ ಕೈಯನ್ನು ನೋಡುತ್ತ ಕೇಳಿಸಿಕೊಂಡಳು. ಕೈಯ ಮಾತು ಎತ್ತಲೇ ಇಲ್ಲ.

“ನಾನು ಸುಳ್ಳು ಹೇಳ್ದೆ ಅಂತ ಬರ್ದಿದಾರಾ?”

“ಹೆಸರಿಲ್ಲ ಅಕ್ಕ. ನಂಬರು ಅಷ್ಟೆ.”

“ನಂಬರು ಯಾರದು?”

“ನಿನ್ನದೇ ಅಕ್ಕ.”

“ಒಂದು ದಿನ ಸುಳ್ಳು ಹೇಳ್ದೋಳಲ್ಲ ಕಣೋ ನಾನು. ಲಿಂಗ ಹಿಡ್ಕಳೋ ಕೈ ಇದು. ನಾನು ಹೇಳಿದ್ದು ನಿಜ ಅಂತ ಅವರಿಗೆ ಬರಿ. ಈಗ್ಲೇ ಬರಿ. ಪೋಸ್ಟಿಗೆ ಹಾಕಿ ಬಾ. ಅಲ್ಲೀತಂಕ ನಾನು ಪೂಜೆಗೆ ಕೂರಲ್ಲ.”

ಬೆನಕಪ್ಪ ಅಲ್ಲೇ ನೆಲದ ಮೇಲೆ ಕೂತು ಬರೆದ. ತೀರ್ಥಮ್ಮ ಹೇಳಿದ ಮಾತನ್ನು ಹೇಳಿದ ಹಾಗೇ ಕನ್ನಡದಲ್ಲಿ ಬರೆದು, ಅವಳ ಪೂಜೆಯ ಹೊತ್ತು ಯಾವ ತಿಂಗಳು ಎಷ್ಟಿತ್ತು ಎಂದು ಅವಳನ್ನೇ ಕೇಳಿ ಕೇಳಿ ಹದಿನೆಂಟು ತಿಂಗಳದನ್ನೂ ತುಂಬಿದ. ಹದಿನೇಳನೆಯ ರೋಗಿ ನಿಜವನ್ನೇ ಹೇಳಿದ್ದಾರೆ, ತಪ್ಪು ಬರೆದವನು ನಾನು ಎಂದು ಕೆಳಗೆ ಸಹಿ ಹಾಕಿದ. ಪೋಸ್ಟಾಫೀಸಿನಲ್ಲಿ ರಿಜಿಸ್ಟರ್ ಮಾಡಿಸಲು ಜನ ಇದ್ದರು, ಕಾಯಬೇಕಾಯಿತು.

ಅವನು ತಿರುಗಿ ಬಂದಾಗ ಹನ್ನೆರಡು ಹೊಡೆದು ಹತ್ತು ನಿಮಿಷ. ತೀರ್ಥಮ್ಮ ಮಣೆಯ ಮುಂದೆ ಕೂತಿದ್ದಳು. ಕೈ ಎಂದೋ ಸಡಿಲವಾಗಿರಬೇಕು. ಅವಳು ಕಾದಿದ್ದು ಅವನಿಗೆ. ತುಟಿ ಒಡೆದಿತ್ತು.

“ಹಾಕಿದ್ಯಾ?”

ಅವನು ರಸೀತಿ ತೋರಿಸಿದ. ಅವಳು ಅದನ್ನು ಓದಲು ಬಾರದಿದ್ದರೂ ಹಿಂದೆ ಮುಂದೆ ತಿರುಗಿಸಿ ನೋಡಿ, ವಿಭೂತಿ ಗಟ್ಟಿಯ ಕೆಳಗಿಟ್ಟಳು. ಸೆರಗು ಹರವಿಕೊಂಡು ಎಡಗೈ ಚಾಚಿದಳು. ಬೆನಕಪ್ಪ ತನ್ನ ಅಂಗೈಯನ್ನು ಅದರ ಕೆಳಗೆ ಕೊಡಲು ಹೋಗಿ, ತನಗೆ ಇನ್ನು ಆ ಹಕ್ಕಿದೆಯೇ ಎಂದು ತಡೆದ.

“ಹಿಡ್ಕೋ” ಎಂದಳು ತೀರ್ಥಮ್ಮ, ಅವನ ಮುಖ ನೋಡದೆ. “ಗಟ್ಟಿಯಾಗಿ ಹಿಡ್ಕೋ, ಬೀಳಬಾರ್ದು.”

ಹಿಡಿದ. ಅವಳ ಕೈಗೆ ತೂಕವೇ ಇರಲಿಲ್ಲ. ಪೂಜೆ ಮುಗಿಯುವವರೆಗೆ ಇಬ್ಬರ ಕೈಯೂ ಅಲುಗಲಿಲ್ಲ. ಸಂಜೆಯ ಗಾಡಿಗೆ ಅವನು ಕಡೂರಿಗೆ ಹೊರಡಬೇಕಿತ್ತು. ನಾಳೆ ಬೆಳಗ್ಗೆ ಆ ಕೈಯ ಕೆಳಗೆ ಯಾರ ಕೈ ಎಂದು ಅವನು ಕೇಳಲಿಲ್ಲ, ಅವಳೂ ಹೇಳಲಿಲ್ಲ.